ಒಮಾಹಾದ ಮೇಲೆ ಹಾರಿ ಮಾಂಜ್ರಾ ದಂಡೆಗೆ ಇಳಿದದ್ದು

ನಮ್ಮ ಮನೆಯ ಊಟದ ಮೇಜಿನ ಮೇಲೆ, ಶೇಂಗಾ ಹಿಂಡಿಯ ಡಬ್ಬಿಯ ಪಕ್ಕದಲ್ಲಿ, ಈಗ ವಿಮಾನ ನಡೆಸುವ ಕೋಲೊಂದಿದೆ. ಕರಿ ಪ್ಲಾಸ್ಟಿಕ್ಕಿನದು. ಯಾರು ಯಾರೋ ಹಿಡಿದು ಹಿಡಿಕೆ ಸವೆದಿದೆ. ನನ್ನ ಹೆಂಡತಿ ಶಶಿಕಲಾ ದಿನಾ ಅದನ್ನು ಒರೆಸುತ್ತಾಳೆ, ಒರೆಸುವಾಗ ಬೈಯುತ್ತಾಳೆ, ಬೈದ ಮೇಲೆ ಧೂಳು ಕೂಡಬಾರದೆಂದು ಒಂದು ಕರವಸ್ತ್ರ ಹೊದಿಸುತ್ತಾಳೆ. ನನ್ನ ಕಾಲಿನ ಪ್ಲಾಸ್ಟರ್ ಬಿಚ್ಚಿ ತಿಂಗಳ ಮೇಲಾಯಿತು. ಕೋಲನ್ನು ತಂದವರಿಗೆ ತಿರುಗಿ ಕೊಡಬೇಕು, ಕೊಡಲು ಮನಸ್ಸು ಬರುತ್ತಿಲ್ಲ. ಯಾಕೆ ಎಂದು ಹೇಳಲು ಹೋದರೆ ಅಮೆರಿಕದ ಒಂದು ಹೊಳೆಯ ವಿಷಯ, ಭಾಲ್ಕಿ ತಾಲೂಕಿನ ಒಬ್ಬ ಹೆಣ್ಣುಮಗಳ ವಿಷಯ, ನನ್ನ ಕಾಲಿನ ವಿಷಯ ಮೂರನ್ನೂ ಹೇಳಬೇಕಾಗುತ್ತದೆ. ನಿಮಗೆ ಬಿಡುವಿದ್ದರೆ ಕೂತು ಕೇಳಿ. ನನಗೆ ಕೂಡಲು ಬರುವುದಿಲ್ಲ, ಓಡಾಡುತ್ತಲೇ ಹೇಳುತ್ತೇನೆ.

ಕೂಡಲು ಬಾರದ್ದು ಹುಟ್ಟಿನಿಂದಲೇ ಬಂದದ್ದು. ಭಾಲ್ಕಿಯ ನಮ್ಮ ಮಣ್ಣಿನ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ನಾನು ಬೀದಿಗೆ ಓಡಬಾರದೆಂದು ನನ್ನ ಕಾಲಿಗೂ ಬೀಸುಕಲ್ಲಿನ ಗೂಟಕ್ಕೂ ಹಗ್ಗ ಕಟ್ಟುತ್ತಿದ್ದಳು. ಒಂದು ದಿನ ಆ ಗೂಟವನ್ನೇ ಕಿತ್ತುಕೊಂಡು ಓಡಿದೆ. ಹಿಂದಿನಿಂದ ಗೂಟ ಕಲ್ಲಿಗೆ ಬಡಿಯುತ್ತ ಟಕಟಕ ಎಂದು ಬರುತ್ತಿತ್ತು, ಅದರ ಹಿಂದೆ ಓಣಿಯ ನಾಯಿಗಳು, ನಾಯಿಗಳ ಹಿಂದೆ ಹಿಟ್ಟಿನ ಕೈಯಲ್ಲಿ ಅವ್ವ. "ಇವನ ಕಾಲಿಗಿ ಚಕ್ರ ಅವ. ಇವ ಒಂದ್ ಕಡಿ ನಿಂತದ್ದು ನಾ ಅಂತೂ ನೋಡಲ್ಲ" ಎಂದು ಅವಳು ಓಣಿಗೆಲ್ಲ ಹೇಳಿದಳಂತೆ. ನೋಡಲಿಲ್ಲ ಕೂಡ. ಹೊಲ ಅಳೆಯುವ ಸರ್ವೆಯರ್ ನೌಕರಿ ನನಗೆ ಸಿಕ್ಕಾಗ ಎಲ್ಲರಿಗಿಂತ ಹೆಚ್ಚು ನೆಮ್ಮದಿಯಾದದ್ದು ಅವಳಿಗೆ. ದಿನವಿಡೀ ನಡೆಯುವುದೇ ಕೆಲಸ ಎಂದರೆ ಮಗನಿಗೆ ಇನ್ನೇನು ಬೇಕು?

ಭಾಲ್ಕಿ, ಔರಾದ, ಕಮಲನಗರದ ಕಡೆ ಮೂವತ್ತು ವರ್ಷಕ್ಕೂ ಮೇಲೆ ಅಲೆದೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರೆ ನಾನು ಹೋಗಬೇಕು, ಗಡಿಗೆ ನೆಟ್ಟ ಬಾಂದುಕಲ್ಲು ಕಾಣೆಯಾದರೆ ನಾನು ಹೋಗಬೇಕು. ಅಳತೆಯ ಸರಪಳಿ ಹಿಡಿದು ಮುಂದೆ ಖಾಜಾಮಿಯಾ, ನಕಾಶೆ ಹಿಡಿದು ಹಿಂದೆ ನಾನು. ನನ್ನ ಅವಸರಕ್ಕೆ ತಕ್ಕಂತೆ ನಡೆದು ನಡೆದು ಖಾಜಾಮಿಯಾ ವರ್ಷಕ್ಕೆ ಮೂರು ಜೋಡಿ ಚಪ್ಪಲಿ ಸವೆಸುತ್ತಿದ್ದ. ಒಂದೇ ದಿನದಲ್ಲಿ ಮೂರು ಊರು ಮುಗಿಸಿ ಬರುವ ಸರ್ವೆಯರ್ ಎಂದು ಕಚೇರಿಯಲ್ಲಿ ನನಗೆ ಹೆಸರಿತ್ತು. ಅದು ಹೊಗಳಿಕೆ ಎಂದೇ ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ಇಂಥ ನಾನು, ನಿವೃತ್ತನಾಗಿ ಬೀದರಿನಲ್ಲಿ ಮನೆ ಮಾಡಿಕೊಂಡಿರುವವನು, ಈ ಚಳಿಗಾಲದಲ್ಲಿ ಬಿದ್ದದ್ದು ಸ್ವಂತ ಮನೆಯ ಹೊಸ್ತಿಲು ಎಡವಿ. ಜಿಲ್ಲೆಯ ಹೊಲವನ್ನೆಲ್ಲ ಅಳೆದವನಿಗೆ ತನ್ನ ಹೊಸ್ತಿಲಿನ ಎತ್ತರ ತಿಳಿಯಲಿಲ್ಲವಲ್ಲ ಎಂದು ಓಣಿಯವರು ನಕ್ಕರು. ಎರಡು ತಿಂಗಳು ಕಾಲು ಊರಕೂಡದು ಎಂದರು ಡಾಕ್ಟರು. ಮೂರನೆಯ ದಿನ ಕೂತಲ್ಲಿಂದಲೇ ನೆಲದ ಪರಸಿಕಲ್ಲು ಎಣಿಸಿ ಮುಗಿಸಿದೆ. ನಾಲ್ಕನೆಯ ದಿನ ಅಡುಗೆಮನೆಯ ಮೂಲೆ ಅರ್ಧ ಬೆರಳು ಸೊಟ್ಟಗಿರುವುದನ್ನು ಕಂಡುಹಿಡಿದು ಶಶಿಕಲಾಗೆ ತೋರಿಸಿದೆ. ಐದನೆಯ ದಿನ ಮತ್ತೊಮ್ಮೆ ತೋರಿಸಿದೆ. ಆರನೆಯ ದಿನ ಅವಳು ಖಾಜಾಮಿಯಾನಿಗೆ ಫೋನ್ ಮಾಡಿದಳು.

"ಖಾಜಾಭಾಯಿ, ನಿಮ್ ಸಾಹೇಬ್ರಿಗಿ ಏನರ ಒಂದ್ ಕೆಲಸ ಹಚ್ಚಿ ಹೋಗ್ರಿ. ಇಲ್ಲಂದ್ರ ನಾ ಹಲಬರ್ಗಾಕ್ಕ ನಮ್ ಅಣ್ಣನ ಮನಿಗಿ ಹೋಗ್ತೇನಿ."

ಖಾಜಾಮಿಯಾ ಈಗ ತನ್ನ ಅಳಿಯನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂಡುತ್ತಾನೆ. ಮರುದಿನವೇ ಒಂದು ಹಳೆಯ ಕಂಪ್ಯೂಟರನ್ನೂ ಈ ಕೋಲನ್ನೂ ಆಟೋದಲ್ಲಿ ಹಾಕಿಕೊಂಡು ಬಂದ.

"ಸಾಬ್, ಇದು ವಿಮಾನ ನಡಸೋ ಆಟ ಅದ. ಆಕಾಶದಿಂದ ತೆಗೆದ ಫೋಟೋ ಎಲ್ಲಾ ಕೂಡಿಸಿ ಇಡೀ ದುನಿಯಾ ಇದರಾಗ ಹಾಕ್ಯಾರ. ಕುಂತಲ್ಲೇ ತಿರಗ್ರಿ. ನನಗಾದ್ರೂ ಈ ಸಲ ಚಪ್ಪಲಿ ಉಳೀತಾವ."

ಬೀದರಿನವರಿಗೆ ವಿಮಾನವೇನೂ ಹೊಸದಲ್ಲ. ವಾಯುಪಡೆಯ ತರಬೇತಿಯ ವಿಮಾನಗಳು ಬೆಳಗಿನಿಂದ ನಮ್ಮ ಮಾಳಿಗೆಗಳ ಮೇಲೆ ಮೊರೆಯುತ್ತಿರುತ್ತವೆ. ಆಡುವ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ದಾಟಿದ ಮೇಲೆ ಉಳಿದರ್ಧ ಮುಗಿಸುವುದು ಇಲ್ಲಿನವರ ರೂಢಿ. ಗಂಡಹೆಂಡಿರ ಜಗಳಕ್ಕೆ ಇದರಿಂದ ಬಹಳ ಅನುಕೂಲವಿದೆ. ನಡುವೆ ಯೋಚಿಸಲು ಸಮಯ ಸಿಗುತ್ತದೆ. ಆದರೆ ಮೇಲಿನಿಂದ ಕೆಳಗೆ ನೋಡುವ ಸುಖ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೊದಲು ಬೀದರಿನಿಂದಲೇ ಏರಿದೆ. ಕೋಟೆಯ ಗೋಡೆಗೆ ಎರಡು ಸಲ ಬಡಿದೆ. ಮೂರನೆಯ ಸಲ ನಮ್ಮ ಓಣಿಯನ್ನು ಹುಡುಕುತ್ತ ಬಗ್ಗಿ ನಮ್ಮ ಮನೆಯ ಮೇಲೆಯೇ ಬಿದ್ದೆ.

"ದಿನಾ ನೋಡೋ ಊರು ಮತ್ತ ಯಾಕ್ ನೋಡ್ತೀರಿ?" ಎಂದಳು ಶಶಿಕಲಾ. "ಒಂದ್ ಹೊಳಿ ಇರೋ ಊರಿಗಿ ಹೋಗ್ರಿ. ನಾನೂ ನೋಡ್ತೇನಿ."

ಬೀದರಿಗೆ ಬಂದು ಇಷ್ಟು ವರ್ಷವಾದರೂ ಊರಿಗೆ ಹೊಳೆ ಇಲ್ಲ ಎಂಬುದು ಅವಳ ಹಳೆಯ ತಕರಾರು. ಕಣ್ಣು ಮುಚ್ಚಿ ಪರದೆಯ ಮೇಲಿನ ಭೂಗೋಳವನ್ನು ತಿರುಗಿಸಿ ಬೆರಳಿಟ್ಟೆ. ಬೆರಳು ಬಿದ್ದದ್ದು ಅಮೆರಿಕದ ನಟ್ಟನಡುವೆ. ಹತ್ತಿರದ ಹೊಳೆ ಮಿಸೌರಿ, ಹೊಳೆಯ ದಂಡೆಯ ಊರು ಒಮಾಹಾ. ಹೆಸರನ್ನೇ ಕೇಳಿರಲಿಲ್ಲ. ಅಂದಿನಿಂದ ಬೆಳಿಗ್ಗೆ ಚಹಾ ಆದ ಮೇಲೆ ಒಮ್ಮೆ, ಊಟ ಆದ ಮೇಲೆ ಒಮ್ಮೆ, ನಾವಿಬ್ಬರೂ ಒಮಾಹಾಕ್ಕೆ ಹೋಗಿಬರತೊಡಗಿದೆವು.

ಅಲ್ಲಿನ ವಿಮಾನದ ಮೈದಾನ ಹೊಳೆಯ ಮಗ್ಗುಲಲ್ಲೇ ಇದೆ. ಏರಿದ ಕೂಡಲೇ ಕೆಳಗೆ ನೀರು, ಮಳೆಗಾಲದಲ್ಲಿ ನಮ್ಮ ಭಾಲ್ಕಿ ಕಡೆಯ ಮಾಂಜ್ರಾ ಹೊಳೆಯಂತೆ ಕೆಂಪುಮಣ್ಣಿನ ಬಣ್ಣದ್ದು. ಬಲಕ್ಕೆ ತಿರುಗಿದರೆ ಎತ್ತರದ ಕಟ್ಟಡಗಳು, ಸೇತುವೆಗಳು, ನಡೆದು ದಾಟುವವರಿಗಾಗಿಯೇ ಕಟ್ಟಿದ ಒಂದು ಸೊಟ್ಟ ಸೇತುವೆ. ಸ್ವಲ್ಪ ಕೆಳಗಿಳಿದರೆ ಯಂತ್ರದೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಮೇಲೇರು, ಮೇಲೇರು ಎಂದು ಗದರುತ್ತಾಳೆ. ನಾನು "ಹೂಂ ರೀ" ಎನ್ನುತ್ತಿದ್ದೆ. ಮನೆಯಲ್ಲಿ ಗದರುವವರು ಇಬ್ಬರಾದರು. ಊರು ದಾಟಿದರೆ ಹೊಲಗಳು. ಒಂದೊಂದು ಹೊಲವೂ ಚೌಕ. ರಸ್ತೆ ನೆಟ್ಟಗೆ, ಅದಕ್ಕೆ ಅಡ್ಡ ಬಂದ ರಸ್ತೆಯೂ ನೆಟ್ಟಗೆ. ನಮ್ಮ ಕಡೆಯ ಹೊಲಗಳೋ, ಒಂದು ಮೂಲೆ ಬೇವಿನ ಗಿಡಕ್ಕೆ ಬಾಗಿ, ಇನ್ನೊಂದು ಮೂಲೆ ಹಳ್ಳಕ್ಕೆ ಹೆದರಿ, ಅಣ್ಣತಮ್ಮಂದಿರ ಸಿಟ್ಟಿಗೆ ನಡುವೆ ಸೀಳಿ ಹೋದಂಥವು. ಇಲ್ಲಿ ಸರ್ವೆಯರಿಗೆ ಕೆಲಸವೇ ಇಲ್ಲವಲ್ಲ ಎಂದು ಸಂಕಟವಾಯಿತು.

ಶಶಿಕಲಾಗೆ ಬೇರೆಯೇ ಸಂಕಟ. "ಮಂದಿ ಎಲ್ಲಿ ಹೋದ್ರು? ಹೊಳಿಗಿ ಬಟ್ಟಿ ಒಗ್ಯಾಕ ಬಂದವರಿಲ್ಲ, ಎಮ್ಮಿ ಇಲ್ಲ. ಮನಿ ಅವ, ಮನ್ಯಾಗ ಯಾರೂ ಇಲ್ಲ."

"ನಕಾಶಿದಾಗ ಮಂದಿ ಇರಲ್ಲ" ಎಂದೆ, ತಿಳಿದವನಂತೆ.

ನನ್ನ ಚಡಪಡಿಕೆ ಒಂದು ವಾರ ತಗ್ಗಿತು. ಎರಡನೆಯ ವಾರ ಆ ಗೆರೆ ಕಣ್ಣಿಗೆ ಬಿತ್ತು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ನಕಾಶೆ ಇರುತ್ತದೆ. ಹೊಳೆಯ ಈಚೆ ನೆಬ್ರಾಸ್ಕಾ ರಾಜ್ಯ, ಒಮಾಹಾ ಅದಕ್ಕೆ ಸೇರಿದ್ದು. ಆಚೆ ಆಯೋವಾ ರಾಜ್ಯ. ನಡುವೆ ಹೊಳೆಯೇ ಗಡಿ, ಗಡಿಯ ಚುಕ್ಕಿಗೆರೆ ನೀರಿನ ನಡುವೆ ಅಚ್ಚುಕಟ್ಟಾಗಿ ಬರುತ್ತದೆ. ಬಂದದ್ದು ವಿಮಾನದ ಮೈದಾನದ ಹತ್ತಿರ ಇದ್ದಕ್ಕಿದ್ದಂತೆ ಹೊಳೆಯನ್ನು ಬಿಟ್ಟು ಒಮಾಹಾದ ಕಡೆಗೆ ನುಗ್ಗುತ್ತದೆ. ಅಲ್ಲಿ ಕುದುರೆಲಾಳದ ಆಕಾರದ ಒಂದು ಕೆರೆ. ಅದನ್ನು ಸುತ್ತು ಹಾಕಿ ಮತ್ತೆ ಹೊಳೆಗೆ ಬಂದು ಸೇರುತ್ತದೆ. ಲಾಳದ ಒಳಗಿನ ಸಣ್ಣ ಊರು ಹೊಳೆಯ ಈಚೆಗಿದ್ದೂ ಆಚೆಯ ರಾಜ್ಯಕ್ಕೆ ಸೇರಿದೆ.

ನನಗೆ ಸಿಟ್ಟು ಬಂತು. "ಇದನ್ನ ಬರದವನಿಗಿ ಮೊದಲ ಮನಿಗಿ ಕಳಸ್ಬೇಕು" ಎಂದು ಕೂಗಿದೆ. ಅಷ್ಟರಲ್ಲಿ ವಿಮಾನ ಮಿಸೌರಿಯಲ್ಲಿ ಮುಳುಗಿತು. ತಪ್ಪು ಸಿಕ್ಕಿದ ಖುಷಿಯಲ್ಲಿ ಫೋನಿನಲ್ಲಿ ಹುಡುಕಿ ಓದಿದೆ. ತಪ್ಪು ನಕಾಶೆಯದಾಗಿರಲಿಲ್ಲ. ಹಿಂದೆ ಹೊಳೆ ಆ ಲಾಳದ ಸುತ್ತಲೇ ಹರಿಯುತ್ತಿತ್ತಂತೆ. ದೊಡ್ಡ ನೆರೆಯೊಂದು ಬಂದಾಗ ಬಳಸುದಾರಿ ಬಿಟ್ಟು ಲಾಳದ ಎರಡು ತುದಿಗಳ ನಡುವಿನ ನೆಲವನ್ನೇ ಕೊಯ್ದುಕೊಂಡು ನೆಟ್ಟಗೆ ಹರಿಯಿತಂತೆ. ಎರಡು ರಾಜ್ಯಗಳೂ ಊರು ನಮ್ಮದು ಎಂದು ಕೋರ್ಟಿಗೆ ಹೋದವು. ಹೊಳೆ ವರ್ಷ ವರ್ಷ ಮೆಲ್ಲಗೆ ಸರಿದರೆ ಗಡಿಯೂ ಅದರ ಜೊತೆ ಸರಿಯುತ್ತದೆ, ಒಮ್ಮೆಗೇ ಹಾರಿದರೆ ಗಡಿ ಇದ್ದಲ್ಲೇ ಉಳಿಯುತ್ತದೆ ಎಂದಿತು ಕೋರ್ಟು.

ಫೋನು ಕೆಳಗಿಟ್ಟೆ. ಊಟ ಬಡಿಸಿಟ್ಟರೂ ಕೈ ಹಚ್ಚಲಿಲ್ಲ. ನನಗೆ ತೇಜಮ್ಮ ನೆನಪಾಗಿದ್ದಳು.

ನಮ್ಮಲ್ಲಿಯೂ ಮಾಂಜ್ರಾದ ಈ ದಂಡೆ ಭಾಲ್ಕಿ ತಾಲೂಕು, ಆ ದಂಡೆ ಔರಾದ. ಈ ದಂಡೆಯ ಒಂದು ಹಳ್ಳಿಗೆ ಗಡಿ ತಕರಾರು ಅಳೆಯಲು ಹೋಗಿದ್ದೆ. ಹಳ್ಳಿಯ ಹೆಸರು ಹೇಳುವುದಿಲ್ಲ, ಭಾತಂಬ್ರಾದ ಕಡೆಯವರಿಗೆ ಗೊತ್ತಾಗಿಬಿಡುತ್ತದೆ. ನೌಕರಿಗೆ ಸೇರಿ ನಾಲ್ಕೈದು ವರ್ಷವಾಗಿದ್ದ ಕಾಲ. ಕುರಿ ಸಾಕಿಕೊಂಡಿದ್ದ ತೇಜಮ್ಮನ ಹೊಲಕ್ಕೆ ಕಾಗದದಲ್ಲಿ ಉತ್ತರಕ್ಕೆ ಹೊಳೆಯೇ ಗಡಿ. ಹೊಳೆಯ ಆಚೆಗಿದ್ದ ಒಂದೂವರೆ ಎಕರೆಯ ತುಂಡನ್ನು ಆ ದಂಡೆಯ ಹೊಲದವರು ತಮ್ಮದೆನ್ನುತ್ತಿದ್ದರು, ಇವಳು ತನ್ನದೆನ್ನುತ್ತಿದ್ದಳು.

"ಸಾಹೇಬ್ರ, ಹೊಳಿ ಮೊದಲ ಆ ಹುಣಸಿಗಿಡದ ಆಚಿ ಹರೀತಿತ್ತು. ಮಳಿ ಜಾಸ್ತಿ ಆದ ವರ್ಷ ಬೆಳಿಗ್ಗಿ ಅಲ್ಲಿ ಇದ್ದದ್ದು ಸಂಜಿಗಿ ಇಲ್ಲಿ ಹಾರಿ ಬಂತು. ಹೊಳಿ ಸರದದರಿ, ನನ್ ಹೊಲ ಸರದಿಲ್ಲ. ನಮ್ ಮನಿಯವರಿಗಿ ಅಲ್ಲೇ ಮಣ್ಣ ಕೊಟ್ಟೇವಿ. ಅದು ಮಂದಿ ಹೊಲ ಹ್ಯಾಂಗ ಆಗ್ತದರಿ?"

"ಹೊಳಿಗಿ ಏನ್ ರೆಕ್ಕಿ ಅವ ಏನವ್ವಾ, ಹಾರ್ಲಕ?" ಎಂದೆ. ಸುತ್ತ ನಿಂತವರು ನಕ್ಕರು. ನಕ್ಕದ್ದು ನನಗೆ ಹಿತವಾಯಿತು. ಆ ನಗು ಈಗಲೂ ಕಿವಿಯಲ್ಲಿದೆ.

ಆ ಕಡೆ ಒಂದು ಪದ್ಧತಿಯಿದೆ. ಗಡಿಯ ಮಾತು ಬಗೆಹರಿಯದಿದ್ದರೆ ತಿಳಿದವರು ಆ ಹೊಲದ ಮಣ್ಣನ್ನು ಹಸಿ ಬಟ್ಟೆಯಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ, ಹಳೆಯ ಗಡಿಯುದ್ದಕ್ಕೂ ನಡೆದು ತೋರಿಸುತ್ತಾರೆ. ಮಣ್ಣು ಹೊತ್ತಾಗ ಸುಳ್ಳು ಆಡುವಂತಿಲ್ಲ, ಮುಗಿಯುವ ತನಕ ಇಳಿಸುವಂತಿಲ್ಲ. ಅದನ್ನು ಕಾಗದದಲ್ಲಿ ಬರೆಯಲು ನಮಗೆ ಜಾಗವಿಲ್ಲ ನಿಜ. ಆದರೆ ಹಿರಿಯ ಸರ್ವೆಯರುಗಳು ನಿಂತು ನೋಡುತ್ತಿದ್ದರು. ನೋಡಿದರೆ ಯಾವ ಪ್ರಶ್ನೆ ಕೇಳಬೇಕೆಂದು ತಿಳಿಯುತ್ತದೆ ಎನ್ನುತ್ತಿದ್ದರು.

"ಮಣ್ಣ ಹೊತ್ತು ನಡದು ತೋರಸ್ತೇನಿ ಸಾಹೇಬ್ರ. ಒಂದ್ ತಾಸ ನಿಲ್ರಿ" ಎಂದಳು ತೇಜಮ್ಮ.

"ಒಂದ್ ತಾಸ ಎಲ್ಲಿಂದ ತರ್ಲಿ? ಐದರ ಬಸ್ ಬರ್ತದ" ಎಂದೆ.

ಹೊಳೆ ಅವತ್ತು ಎಲ್ಲಿ ಹರಿಯುತ್ತಿತ್ತೋ ಅಲ್ಲಿಗೇ ಗೆರೆ ಎಳೆದು, ಸಾಕ್ಷಿಗೆ ಪಂಚರ ಸಹಿ ಮಾಡಿಸಿ ಹೊರಟೆ. ಅವಳ ಗಂಡನ ಸಮಾಧಿಯಿದ್ದ ನೆಲ ಆಚೆಯವರದಾಯಿತು. ಹೊಳೆ ಸರಿಯಿತೋ ಹಾರಿತೋ ಎಂಬ ಒಂದೇ ಪ್ರಶ್ನೆ ಕೇಳಬೇಕಾಗಿತ್ತು. ಕೇಳುವ ಮೊದಲೇ ಅವಳು ಉತ್ತರವನ್ನೂ ಕೊಟ್ಟಿದ್ದಳು. ಆ ಬಸ್ಸು ಹಿಡಿದು ಭಾಲ್ಕಿಗೆ ಬಂದು ಏನು ಮಾಡಿದೆ ಗೊತ್ತೆ? ಬಸ್ ಸ್ಟ್ಯಾಂಡಿನ ಮುಂದೆ ನಿಂತು ಚಹಾ ಕುಡಿದೆ. ಬೇರೆ ಯಾವ ಕೆಲಸವೂ ಇರಲಿಲ್ಲ. ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ, ಅಷ್ಟೇ.

ಮರುದಿನ ಖಾಜಾಮಿಯಾ ಬಂದಾಗ ಒಮಾಹಾ ಬಿಟ್ಟು ಮಾಂಜ್ರಾದ ಮೇಲೆ ಹಾರಿದೆವು. ಹಲಬರ್ಗಾ ದಾಟುವಾಗ ಶಶಿಕಲಾ ಅಣ್ಣನ ಮನೆ ಹುಡುಕಿದಳು, ಸಿಗಲಿಲ್ಲ. ಹೊಳೆ ಸಿಕ್ಕಿತು. ಆ ಹಳ್ಳಿಯ ಎದುರಿಗೆ, ಆಚೆ ದಂಡೆಯ ಹೊಲಗಳ ನಡುವೆ, ಒಂದು ಕಪ್ಪು ಹಸಿರು ಪಟ್ಟಿ ಬಾಗಿಕೊಂಡು ಹೋಗಿ ಮತ್ತೆ ಹೊಳೆಗೆ ಸೇರುತ್ತಿತ್ತು. ಹೊಳೆಯ ಹಳೆಯ ಪಾತ್ರ. ಕೆಳಗೆ ನಿಂತರೆ ಅದು ಬರೀ ತಗ್ಗು, ಮೇಲಿನಿಂದ ಮಾತ್ರ ಲಾಳ. ಮೆಲ್ಲಗೆ ಸರಿದ ಹೊಳೆ ನಡುವೆ ಅಷ್ಟು ನೆಲವನ್ನು ಹಾಗೇ ಬಿಟ್ಟು ಬರುವುದಿಲ್ಲ. ಅದು ಹಾರಿಯೇ ಬಂದದ್ದು.

"ನೆನಪದ ಏನ್ ಖಾಜಾ?"

"ಹ್ಯಾಂಗ ಮರೀಲಿ ಸಾಬ್? ಆ ಯಮ್ಮ ಸೆರಗಿನಾಗ ಮಣ್ಣ ತುಂಬ್ಕೊಂಡು ಬಸ್ಸಿನ ತನಕ ಹಿಂದ ಬಂದಳು. ನೀವು ಮುಂದ ಹೋದ್ರಿ, ನಾ ನೋಡ್ದೆ." ಪರದೆಯ ಮೇಲಿನ ಲಾಳಕ್ಕೆ ಬೆರಳಿಟ್ಟು, "ನಾನೂ ಹೇಳ್ಬೇಕಾಗಿತ್ತು. ಹೇಳ್ಲಿಲ್ಲ" ಎಂದ.

ಆಮೇಲಿನ ಒಂದು ತಿಂಗಳು ನಾನು ಮನೆಯವರ ಪ್ರಾಣ ತಿಂದೆ. ಕಾಲು ಪ್ಲಾಸ್ಟರಿನಲ್ಲಿ, ಮನಸ್ಸು ಮಾಂಜ್ರಾ ದಂಡೆಯಲ್ಲಿ. ಅವಳು ಬದುಕಿದ್ದಾಳೋ ಇಲ್ಲವೋ ಎಂದು ಬೆಳಿಗ್ಗೆ ಒಮ್ಮೆ ಕೇಳುವುದು, ಸಂಜೆ ಒಮ್ಮೆ ಕೇಳುವುದು, ಶಶಿಕಲಾಗೆ ಹೇಗೆ ಗೊತ್ತಿರಬೇಕು? "ರಿಟೈರ್ ಆಗೀರಿ, ಯಾರ್ ಕೇಳ್ಯಾರ ನಿಮ್ಗ?" ಎಂದು ಮೊದಲು ಅವಳು ಸಮಾಧಾನ ಮಾಡಿದಳು. ಆಮೇಲೆ, "ಪ್ಲಾಸ್ಟರ್ ಬಿಚ್ಚಿದ ದಿವಸನೇ ಹೋಗ್ರಿ. ನನಗೂ ನಿದ್ದಿ ಇಲ್ಲ" ಎಂದಳು.

ಆ ದಿವಸವೇ ಆಗಲಿಲ್ಲ, ವಾರ ಬಿಟ್ಟು ಹೋದೆ. ಖಾಜಾಮಿಯಾನ ಭುಜ, ನನ್ನ ಊರುಗೋಲು, ಭಾಲ್ಕಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ತೇಜಮ್ಮ ಬದುಕಿದ್ದಳು. ನನಗಿಂತ ಗಟ್ಟಿಯಾಗಿದ್ದಳು. ಬಗಲಲ್ಲಿ ಕೋಲಿಟ್ಟುಕೊಂಡು ಹೊಳೆಯ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದಳು. ನಾನು ಯಾರೆಂದು ಖಾಜಾಮಿಯಾ ಹೇಳಬೇಕಾಗಿಯೇ ಬರಲಿಲ್ಲ.

"ಐದರ ಬಸ್ಸಿನ ಸಾಹೇಬ್ರು" ಎಂದಳು, ನಗದೆ.

ಬರೆದು ತಂದಿದ್ದ ಕಾಗದವನ್ನು ಖಾಜಾಮಿಯಾ ಓದಿದ. ಹೊಳೆ ಒಂದೇ ದಿನದಲ್ಲಿ ಹಾರಿತೆಂದು ಈ ಹೆಣ್ಣುಮಗಳು ಹೇಳಿದ್ದಳು, ನಾನು ಬರೆದುಕೊಳ್ಳಲಿಲ್ಲ, ನಾನು ಎಳೆದ ಗೆರೆ ತಪ್ಪು, ಎಂದು ಮೂರು ಸಾಲು. ಕೆಳಗೆ ನನ್ನ ಸಹಿ. ಮೂವತ್ತು ವರ್ಷ ಸಹಿ ಹಾಕಿದವನಿಗೆ ಆ ಒಂದು ಸಹಿಗೆ ಬೇಗ ಕೈ ಏಳಲಿಲ್ಲ ಎಂದು ನಿಮಗೆ ಹೇಳಿಬಿಡುತ್ತೇನೆ. ಈಗ ಅದನ್ನು ಹಚ್ಚಿ ಮರು ಅಳತೆಗೆ ತೇಜಮ್ಮನ ಅರ್ಜಿ ಹೋಗಿದೆ. ಏನಾಗುತ್ತದೋ ತಿಳಿಯದು. ಹೊಸ ಸರ್ವೆಯರ್ ಒಬ್ಬ ಬಂದು ಹೊಳೆಗೆ ರೆಕ್ಕೆ ಇದೆಯೇ ಎಂದು ಕೇಳಿದರೆ ಅವನನ್ನು ಊಟದ ಮೇಜಿಗೆ ಕರೆತಂದು ಕೂಡಿಸಿ ತೋರಿಸಬೇಕು. ಅದಕ್ಕೇ ಕೋಲು ನಮ್ಮ ಮನೆಯಲ್ಲಿದೆ.

ಆದರೆ ಅವತ್ತಿನ ಸಂಜೆಯನ್ನು ಹೇಳದೇ ಮುಂದೆ ಬಂದುಬಿಟ್ಟೆ, ನನ್ನ ಅವಸರದ ಬುದ್ಧಿ. ಕಾಗದವನ್ನು ಪೂರ್ತಿ ಕೇಳಿಸಿಕೊಂಡ ತೇಜಮ್ಮ ಅದನ್ನು ಮಡಚಿ ಎಲೆಯಡಿಕೆಯ ಚೀಲದೊಳಗೆ ಇಟ್ಟುಕೊಂಡಳು.

"ವರ್ಷಕ್ಕ ಒಮ್ಮೆ ಅವರಿಗಿ ಎಡಿ ಇಡ್ಲಕ ಹೋಗ್ತೇನ್ರಿ. ಆಚಿ ಹೊಲದವರಿಗಿ ಕೇಳಿ ಹೋಗ್ತೇನಿ. ಅವರೂ ಇಲ್ಲ ಅನ್ನಲ್ಲ. ಆದ್ರ ಕೇಳಬೇಕಲ್ರಿ, ನನ್ ಮನಿಯವರ ಕಡಿ ಹೋಗ್ಲಕ."

"ತಪ್ಪಾತು ಅಕ್ಕಾ" ಎಂದೆ.

ಅವಳು ಸೆರಗಿನ ತುದಿ ಕಟ್ಟಿಕೊಂಡು ನೀರಿಗಿಳಿದಳು. ಬೇಸಿಗೆಯ ಮಾಂಜ್ರಾ, ಹಿಮ್ಮಡಿ ಮುಳುಗುವಷ್ಟೂ ಇರಲಿಲ್ಲ. ಕುರಿಗಳು ಹಿಂದೆ ಹೋದವು, ಕುರಿಗಳ ಹಿಂದೆ ನಾವು. ಆಚೆ ದಂಡೆಯಲ್ಲಿ ಒಂದು ತಗ್ಗು ಸಮಾಧಿ, ಅದರ ಮೇಲೆ ಮೂರು ಕಲ್ಲು. ಅದರ ಪಕ್ಕದಿಂದ ಒಂದು ಬೊಗಸೆ ಮಣ್ಣು ತೆಗೆದು, ನನ್ನ ಹೆಗಲ ಮೇಲಿನ ವಸ್ತ್ರವನ್ನು ಎಳೆದುಕೊಂಡು ನೀರಲ್ಲಿ ಅದ್ದಿ, ಗಂಟು ಕಟ್ಟಿದಳು.

"ಅವತ್ತ ನಾ ಹೊರ್ತೇನಿ ಅಂದೆ, ನೀವು ನಿಲ್ಲಲಿಲ್ಲ. ಇವತ್ತ ನೀವ ಹೊರ್ರಿ."

ಖಾಜಾಮಿಯಾ ನನ್ನ ಕಾಲು ನೋಡಿ ಭುಜ ಕೊಡಲು ಹತ್ತಿರ ಬಂದ. ಚಪ್ಪಲಿ ಕಳಚಿದೆ. ಗಂಟನ್ನು ತಲೆಯ ಮೇಲಿಟ್ಟುಕೊಂಡು ಹಳೆಯ ಪಾತ್ರಕ್ಕೆ ಇಳಿದೆ. ಮೇಲಿನಿಂದ ಅರ್ಧ ನಿಮಿಷಕ್ಕೆ ದಾಟಿದ್ದ ಲಾಳ ಕೆಳಗೆ ಮುಗಿಯುತ್ತಲೇ ಇರಲಿಲ್ಲ. ಜಾಲಿಮುಳ್ಳು, ದುಂಡಗಲ್ಲು, ಹಿಮ್ಮಡಿಯ ಮೂಳೆಯಲ್ಲಿ ಚುಳ್ ಎನ್ನುವ ನೋವು, ಕಿವಿಯ ಪಕ್ಕದಿಂದ ಇಳಿಯುವ ಮಣ್ಣಿನ ನೀರು. ಆಚೆ ಹೊಲದವನ ಮಗ ಬದುವಿನ ಮೇಲೆ ನಿಂತು ನೋಡುತ್ತಿದ್ದ. ತೇಜಮ್ಮ ಮುಂದೆ ಮುಂದೆ ಕೋಲಿನಿಂದ ದಾರಿ ತೋರಿಸುತ್ತ, ಹುಣಸೆಗಿಡ ಇದ್ದ ಜಾಗ ಬಂದಾಗ ನಿಲ್ಲದೆ, ಇದೇ ಎಂಬಂತೆ ನೆಲವನ್ನು ತಟ್ಟಿದಳು.

ಅರ್ಧ ಸುತ್ತು ಬಂದಿರಬೇಕು, ಹಳ್ಳಿಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ಕಾಲು ತಾನಾಗಿ ಆ ಕಡೆ ತಿರುಗಿತು. ತಲೆಯ ಮೇಲೆ ಮಣ್ಣಿತ್ತು, ಸುಳ್ಳು ಯಾಕೆ ಹೇಳಲಿ?

ತೇಜಮ್ಮ ಹಿಂದಿರುಗಿ ನೋಡಿದಳು. "ಬಸ್ ಬಂತು ನೋಡ್ರಿ ಸಾಹೇಬ್ರ."

"ಹೋಗ್ಲಿ ಬಿಡ್ರಿ ಅಕ್ಕಾ. ಇನ್ನ ಎಷ್ಟ್ ದೂರ ಅದ?"

"ಇನ್ನ ಭಾಳ ಅದ" ಎಂದಳು. ಮೊದಲ ಸಲ ಅವಳ ದನಿ ಸ್ವಲ್ಪ ಮೆತ್ತಗಾಗಿತ್ತು. "ಸಾವಕಾಶ ಬರ್ರಿ."

ನಾನು ಸಾವಕಾಶವಾಗಿ ಅವಳ ಹಿಂದೆ ನಡೆದೆ.